‘ಏರ್’ ಸಿನಿಮಾ: ನೋಡಿದವರು ಏನಂದರು, ನನಗೇನನಿಸಿತು

ನಾನು ಕಲಿತದ್ದು ಏಳನೇ ಇಯತ್ತೆ. ಊರು ಗದಗ ಜಿಲ್ಲೆಯ ರೋಣದ ಕಡೆ. ಅಲ್ಲಿ ನಾಲ್ಕು ಎಕರೆ ಎರಿ ಹೊಲ ಐತಿ. ಜೋಳ, ಕಡಲಿ ಒಕ್ಕಲಿ ಮುಗಿದ ಮೇಲೆ ಗೋವಾಕ್ಕೆ ಬಂದು ಚಿಂಬಲ್‌ನಲ್ಲಿ ಮಗನ ಮನೆಯಲ್ಲಿ ಇರತೀನಿ, ಮಿರಗ ಹತ್ತಿರ ಬಂತೆಂದರೆ ಹೊಳ್ಳಿ ಹೋಗತೀನಿ. ಗೀಗೀ ಪದ ಹಾಡೋದು ನನಗೆ ಹದಿನಾರನೇ ವರ್ಷದಿಂದ ಹತ್ತಿದ ಚಟ. ಇಂಥವನು ಇಂಗ್ಲಿಷ್ ಸಿನಿಮಾದ ಮೇಲೆ ಬರೆಯೋದು ಏನು ಅಂತ ನೀವು ನಗಬಹುದು. ನಾನೂ ನಕ್ಕೆ. ಆದರೆ ವಾಚನಾಲಯದ ಮಾಸ್ತರರು ಬಿಡಲಿಲ್ಲ. “ಸಿನಿಮಾದ್ದು ಬ್ಯಾಡ ಬಿಡ್ರಿ ಅಜ್ಜಾರ, ಅದನ್ನ ನೋಡಿದ ದಿನ ಇಲ್ಲಿ ಆದ ಜಗಳ ಬರೀರಿ ಸಾಕು” ಅಂದರು. ಎರಡೂ ಬರೆದೀನಿ.

ಈ ಬ್ಯಾಸಗಿಯಾಗ ಒಂದು ಐತವಾರ ಸಂಜೆ. ಗೋಡೆಗೆ ಬಿಳೇ ಚಾದರ ಕಟ್ಟಿ, ಎಲ್ಲಿಂದಲೋ ಪ್ರೊಜೆಕ್ಟರ್ ತಂದು ಮಾಸ್ತರರು ತೋರಿಸಿದ ಸಿನಿಮಾ ‘ಏರ್’. 2023ರಲ್ಲಿ ಬಂದದ್ದು, ಬೆನ್ ಆಫ್ಲೆಕ್ ಅನ್ನುವವರು ಮಾಡಿದ್ದು. ಗಾಳಿ ಅಂತ ಹೆಸರು, ಕತೆ ಮಾತ್ರ ಕಾಲಿನ ಬೂಟಿನದು. ಎರಡು ತಾಸಿಗೆ ಕಡಿಮೆ ಇದ್ದ ಸಿನಿಮಾ ನಮಗೆ ಮೂರು ತಾಸು ಹಿಡೀತು, ಯಾಕಂದರೆ ನಡುನಡುವೆ ನಿಲ್ಲಿಸಿ ಮಾಸ್ತರರು ಕನ್ನಡದಾಗ ಹೇಳಬೇಕು, ಹೇಳಿದ್ದಕ್ಕೆ ಹಿಂದಿನವರು “ಏನಂದ, ಏನಂದ” ಅನ್ನಬೇಕು.

ಕತೆ ಇಷ್ಟು. 1984. ಅಮೆರಿಕದ ಆರೆಗಾನ್ ರಾಜ್ಯದಾಗ ನೈಕಿ ಎಂಬ ಬೂಟಿನ ಕಂಪನಿ. ಓಡುವವರ ಬೂಟಿಗೆ ಹೆಸರುವಾಸಿ, ಬ್ಯಾಸ್ಕೆಟ್‌ಬಾಲ್ ಆಟದಾಗ ಅದನ್ನ ಕೇಳೋರಿಲ್ಲ. ದೊಡ್ಡ ಆಟಗಾರರೆಲ್ಲ ಕನ್ವರ್ಸ್ ಕಂಪನಿ ಕಡೆ, ಹುಡುಗರ ಮನಸ್ಸೆಲ್ಲ ಆಡಿಡಾಸ್ ಕಡೆ. ಇಂಥಾದ್ರಾಗ ಸನ್ನಿ ವಕಾರೊ ಎಂಬ ನೌಕರ, ಹೊಟ್ಟೆ ಬಂದ, ಜೂಜಿನ ಹುಚ್ಚಿನ ಮನುಷ್ಯ, ಒಂದು ಹಳೇ ಆಟದ ಟೇಪು ಮತ್ತೆ ಮತ್ತೆ ನೋಡತಾನ. 1982ರ ಕಾಲೇಜು ಫೈನಲ್. ಕಡೇ ಗಳಿಗೆಯಾಗ ಚೆಂಡು ಒಬ್ಬ ಹೊಸ ಹುಡುಗನ ಕೈಗೆ ಬರತದ, ಅವ ಎಸೆದು ಗೆಲ್ಲಸತಾನ. ಎಲ್ಲರೂ ಗೆದ್ದದ್ದು ನೋಡಿದರು. ವಕಾರೊ ನೋಡಿದ್ದು ಆ ಹುಡುಗನ ಮೈಯಾಗ ಗಡಿಬಿಡಿ ಇರಲಿಲ್ಲ ಅನ್ನೋದನ್ನ. ಆ ಹುಡುಗ ಮೈಕೆಲ್ ಜೋರ್ಡನ್. ಮೂರು ಆಟಗಾರರಿಗೆ ಹಂಚಬೇಕಾಗಿದ್ದ ಎರಡೂವರೆ ಲಕ್ಷ ಡಾಲರನ್ನು ಇವನೊಬ್ಬನ ಮೇಲೇ ಹಾಕೋಣ ಅಂತ ವಕಾರೊ ಹಟ ಹಿಡೀತಾನ.

ಈ ಟೇಪಿನ ಜಾಗ ನನಗೆ ಬಹಳ ಸೇರಿತು. ಮೇಳದಾಗ ಹೊಸ ಹುಡುಗನ ಕೈಗೆ ದಪ್ಪು ಕೊಟ್ಟು ನಿಲ್ಲಿಸಿದರೆ, ಅವ ಎಷ್ಟು ಎತ್ತರಕ್ಕೆ ಹಾಡತಾನ ಅಂತ ಮಂದಿ ನೋಡತಾರ. ನಮ್ಮ ಗುರುಗಳು ನೋಡತಿದ್ದದ್ದು ಬೇರೆ. ಎದುರಿನ ಮೇಳದವರು ಸವಾಲು ಹಾಕಿದಾಗ, ಪಲ್ಲವಿ ಎತ್ತೋದಕ್ಕೆ ಮೊದಲು ಅವ ಉಸಿರು ಹೆಂಗ ತಗೋತಾನ ಅನ್ನೋದನ್ನ. ಅಷ್ಟರ ಮಟ್ಟಿಗೆ ಈ ವಕಾರೊ ನಮ್ಮವನೇ ಅನಿಸಿದ.

ಸಿನಿಮಾ ಮುಗಿದು ದೀಪ ಹಾಕಿದ ಮೇಲೆ ಮೊದಲು ಬಾಯಿ ಬಿಟ್ಟವರು ಗೌಂಡಿ ಕೆಲಸದ ಹುಡುಗರು. ಅವರಿಗೆ ಸಿಟ್ಟು ಬಂದಿತ್ತು. “ಆಟದ ಸಿನಿಮಾ ಅಂತ ಕರದ್ರಿ, ಆಟ ಎಲ್ಲೈತ್ರಿ? ಬರೇ ಖುರ್ಚಿ, ಫೋನು, ಮಾತು.” ಅವರ ಮಾತಿನಾಗ ಸುಳ್ಳಿಲ್ಲ. ಇದರಾಗ ಬ್ಯಾಸ್ಕೆಟ್‌ಬಾಲ್ ಬರೋದು ಹೆಚ್ಚಾಗಿ ಹಳೇ ಟೇಪಿನಾಗ. ಜೋರ್ಡನ್ ಪಾತ್ರದ ಹುಡುಗನ ಮಾರಿ ಸುದ್ದಾ ತೋರಿಸೂದಿಲ್ಲ. ಬೆನ್ನು, ಭುಜ, ಬಾಗಿಲದಾಗಿನ ನೆರಳು, ಅಷ್ಟೆ. ಒಬ್ಬ ಹುಡುಗ ಅಂದ, “ಮಾರಿನೇ ತೋರಸ್ಲಿಲ್ಲ ಅಂದ್ರ ಯಾರನ್ನ ನೋಡಾಕ ಬಂದ್ವಿ ನಾವು?”

ಇದಕ್ಕೆ ಮಾಸ್ತರರು ಕೊಟ್ಟ ಉತ್ತರ: ಜಗತ್ತಿಗೆಲ್ಲ ಗೊತ್ತಿರೋ ಮಾರಿ ಅದು, ಬೇರೆಯವನಿಗೆ ವೇಷ ಹಾಕಿದರೆ ಮಂದಿ ನಂಬೂದಿಲ್ಲ, ಅದಕ್ಕೇ ಮರೆ ಮಾಡ್ಯಾರ. ನನಗೆ ಮೊದಲು ಇದು ಸರಿ ಅನಿಸಿತು. ಜಾತ್ರೆಯಾಗ ತೇರು ಎಳೆಯುವಾಗ ಒಳಗಿನ ಮೂರ್ತಿ ಯಾರಿಗೆ ಕಾಣತದ? ಎಳೆಯುವವರ ಬೆವರು ಕಾಣತದ, ಹಗ್ಗ ಕಾಣತದ. ಆದರೆ ಎರಡು ದಿನ ಬಿಟ್ಟು ವಿಚಾರ ಮಾಡಿದೆ. ಮೂರ್ತಿಗೆ ಬಾಯಿಲ್ಲ, ಈ ಹುಡುಗನಿಗೆ ಇತ್ತಲ್ಲ? ಅವನಿಗೆ ಆಗ 21 ವರ್ಷ. ಅವನ ಮನಸ್ಸಿನಾಗ ಇದ್ದದ್ದು ಆಡಿಡಾಸ್. ಅಲ್ಲಿಂದ ನೈಕಿ ಕಡೆ ಆ ಮನಸ್ಸು ಹೆಂಗ ತಿರುಗಿತು, ಅದನ್ನ ಈ ಸಿನಿಮಾ ತೋರಿಸೂದಿಲ್ಲ. ಮಾರಾಟಕ್ಕೆ ಇಟ್ಟದ್ದು ಅವನ ಹೆಸರು, ಅದರ ಬಗ್ಗೆ ಎಲ್ಲರೂ ಮಾತಾಡತಾರ, ಅವನೊಬ್ಬನ್ನ ಬಿಟ್ಟು. ಗೌಂಡಿ ಹುಡುಗರ ಸಿಟ್ಟಿನಾಗ ಹುರುಳೈತಿ ಅಂತ ಈಗ ಒಪ್ಪತೀನಿ.

ಎರಡನೇ ಜಗಳ ದೊಡ್ಡದು. ಹಿಂದೆ ಕುಂತಿದ್ದ ಒಬ್ಬ ಹಿರಿಯರು, ಬ್ಯಾಡಗಿ ಕಡೆಯವರು, ಮೆಣಸಿನಕಾಯಿ ಬೆಳೆದು ಸಾಲ ಮಾಡಿ ಇಲ್ಲಿಗೆ ಬಂದವರು, “ಇದು ದಲಾಲಿ ಸಿನಿಮಾ” ಅಂದುಬಿಟ್ಟರು. “ಮಾಲು ಒಬ್ಬಂದು, ಕೊಳ್ಳಾವ ಇನ್ನೊಬ್ಬ, ನಡುವ ನಿಂತು ಮಾತಾಡಿದಾವ ನಾಯಕ! ನಮ್ಮ ಎಪಿಎಂಸ್ಯಾಗ ಇಂಥಾ ನಾಯಕರು ನೂರು ಮಂದಿ ಅದಾರ. ಯಾರೂ ಅವರ ಸಿನಿಮಾ ತಗದಿಲ್ಲ.” ಎಲ್ಲರೂ ನಕ್ಕರು. ಮಾಸ್ತರರು, ವಕಾರೊ ದಲಾಲಿ ಅಲ್ಲ, ಕಂಪನಿ ಪಗಾರಿನ ಮನುಷ್ಯ, ಹುಡುಗನ ಕಡೆಯ ದಲಾಲಿ ಡೇವಿಡ್ ಫಾಕ್ ಅನ್ನಾವ ಬೇರೆ ಅಂತ ಬಿಡಿಸಿ ಹೇಳಿದರು. ಹಿರಿಯರು ಬಗ್ಗಲಿಲ್ಲ. “ಪಗಾರ ತಗೊಂಡು ದಲಾಲಿ ಮಾಡಿದ ಅನ್ರಿ ಹಂಗಾರ.”

ಈ ಮಾತು ಎಷ್ಟು ನಗೆಯದೋ ಅಷ್ಟೇ ಸೂಕ್ಷ್ಮ. ನಾನು ಸಿನಿಮಾದವರ ಪರ ಒಂದು ಮಾತು ಹೇಳಬೇಕು. ವಕಾರೊನ ಜೊತೆ ಕೆಲಸ ಮಾಡುವ ರಾಬ್ ಸ್ಟ್ರಾಸರ್ ಅನ್ನುವವನಿಗೆ ಹೆಂಡತಿ ಬಿಟ್ಟು ಹೋಗಿರತಾಳ. ವಾರಕ್ಕೊಮ್ಮೆ ಮಗಳನ್ನ ನೋಡತಾನ, ಹೋಗುವಾಗ ಕಂಪನಿ ಬೂಟು ಒಯ್ದು ಕೊಡತಾನ. ಇದನ್ನ ಅವ ಹೇಳುವಾಗ, ವಾರಗಟ್ಟಲೆ ಸೈಟಿನ ಮೇಲೆ ಮಲಗಿ ಐತವಾರ ಮಕ್ಕಳ ಮಾರಿ ನೋಡೋ ನಮ್ಮ ಮಂದಿ ಸುಮ್ಮನಾದರು. ನಡುವಿನವರಿಗೂ ಹೊಟ್ಟೆ ಐತಿ ಅನ್ನೋದು ಅಲ್ಲಿ ಕಾಣತದ. ಆದರೂ ಹಿರಿಯರ ಪ್ರಶ್ನೆ ಉಳೀತದ. ಮಾದರಿ ಬೂಟು ಮಾಡುವ ಪೀಟರ್ ಮೂರ್ ಸಿನಿಮಾದಾಗ ಅದಾನ. ಮುಂದೆ ಲಕ್ಷಗಟ್ಟಲೆ ಜೋಡಿ ಹೊಲಿದವರು ಯಾರು? ಆ ಕಾಲಕ್ಕೆ ನೈಕಿ ಬೂಟು ಹೆಚ್ಚಾಗಿ ತಯಾರಾಗತಿದ್ದದ್ದು ದಕ್ಷಿಣ ಕೊರಿಯಾ ಮತ್ತು ತೈವಾನಿನ ಕಾರ್ಖಾನೆಗಳಾಗ. ಆ ಕೈಗಳಲ್ಲಿ ಒಂದನ್ನೂ ತೋರಿಸದೆ ಸಿನಿಮಾ ಮುಗೀತದ. ಪಣಜಿ ಸುತ್ತ ಎದ್ದ ಕಟ್ಟಡಗಳ ಫೋಟೋದಾಗೂ ನಮ್ಮ ಚಿಂಬಲ್ ಇಂದಿರಾನಗರದವರು ಇರೂದಿಲ್ಲ ಬಿಡ್ರಿ.

ಮಾಸ್ತರರ ತಕರಾರು ಬೇರೆ. ‘ನಿಜ ಕತೆ’ ಅಂತ ಹೇಳಿಕೊಂಡು ಬಂದ ಸಿನಿಮಾ ಎಷ್ಟು ನಿಜ? ಅವರು ಓದಿ ಬಂದಿದ್ದರು. ಸಿನಿಮಾದಾಗ ವಕಾರೊ ಯಾರನ್ನೂ ಕೇಳದೆ ಕಾರು ಹತ್ತಿ ಜೋರ್ಡನ್ ಮನೆಗೇ ಹೋಗಿ ತಾಯಿಯನ್ನ ಹಿತ್ತಲದಾಗ ಕಾಣತಾನ. ನಿಜವಾಗಿ ಅವರ ಭೇಟಿ ಆದದ್ದು 1984ರ ಒಲಿಂಪಿಕ್ಸ್ ಹೊತ್ತಿನಾಗ, ಲಾಸ್ ಏಂಜಲೀಸ್ ಕಡೆ. ನೈಕಿಗೆ ಹೋಗು ಅಂತ ತನ್ನನ್ನ ಒಪ್ಪಿಸಿದವರು ಕೋಚ್ ಜಾರ್ಜ್ ರಾವೆಲಿಂಗ್ ಅಂತ ಜೋರ್ಡನ್ ತಾನೇ 2015ರಲ್ಲಿ ಹೇಳ್ಯಾನ. ‘ಏರ್ ಜೋರ್ಡನ್’ ಎಂಬ ಹೆಸರು ಕೊಟ್ಟಾವ ದಲಾಲಿ ಫಾಕ್. ಹಿಂಗ ಎಲ್ಲರೂ “ಮಾಡಿದಾವ ನಾನು” ಅನ್ನೋ ವ್ಯವಹಾರ. ಸೋತ ಕೆಲಸಕ್ಕೆ ತಂದೆ ಇರೂದಿಲ್ಲ, ಗೆದ್ದದ್ದಕ್ಕೆ ನಾಲ್ಕು ಮಂದಿ ತಂದೆ.

ಈ ವಿಷಯದಾಗ ನಾನು ಮಾಸ್ತರರಷ್ಟು ಬಿಗಿ ಇಲ್ಲ. ನಾವು ಲಾವಣಿ ಕಟ್ಟುವವರು. ಸಂಗೊಳ್ಳಿ ರಾಯಣ್ಣನನ್ನ 1831ರಲ್ಲಿ ನಂದಗಡದಾಗ ಗಲ್ಲಿಗೆ ಹಾಕಿದ್ದು ಖರೆ. ಅವ ಆ ಹೊತ್ತಿನಾಗ ಅವ್ವನ ಜೊತೆ ಆಡಿದ ಮಾತು ಅಂತ ನಾವು ಹಾಡೋದು ನಾವು ಕಟ್ಟಿದ್ದು. ಮಂದಿಗೂ ಅದು ಗೊತ್ತು. ವಕಾರೊ ಮನೆಗೆ ಹೋದನೋ ಹೋಟೆಲಿಗೆ ಹೋದನೋ, ನನಗೆ ಅದರ ಚಿಂತಿ ಇಲ್ಲ. ದುಡ್ಡಿನ ಲೆಕ್ಕ ತಪ್ಪಿಸಬಾರದು, ಅಷ್ಟೆ. ಆ ಲೆಕ್ಕ ಸಿನಿಮಾದ ಕಡೇ ಕಾಲು ತಾಸಿನಾಗ ಬರತದ.

ಅದು ತಾಯಿಯ ಫೋನು. ಡೆಲೊರಿಸ್ ಜೋರ್ಡನ್, ಪಾತ್ರ ಮಾಡಿದವರು ವಯೋಲಾ ಡೇವಿಸ್. ಈಕೆಯೇ ನಮ್ಮವ್ವನ ಪಾತ್ರ ಮಾಡಬೇಕು ಅಂತ ಜೋರ್ಡನ್ನೇ ಕೇಳಿಕೊಂಡಿದ್ದನಂತೆ. ತಂದೆಯ ಪಾತ್ರದವರು ಆಕೆಯ ಖರೇ ಗಂಡ. ಇದನ್ನ ಕೇಳಿ ನಮ್ಮ ಹೆಣ್ಣುಮಕ್ಕಳಿಗೆ ಖುಷಿ ಆತು. ಆ ತಾಯಿ ಫೋನಿನಾಗ ವಕಾರೊಗೆ ಹೇಳತಾಳ: ನೀವು ಕೊಡೋ ರೊಕ್ಕ ಸರಿ, ಕಾರು ಸರಿ. ಮೇಲೆ ಇನ್ನೊಂದು. ನನ್ನ ಮಗನ ಹೆಸರಿನ ಬೂಟು ಎಷ್ಟು ಜೋಡಿ ಮಾರತಾವೋ, ಒಂದೊಂದು ಜೋಡಿಗೂ ಅವನಿಗೆ ಪಾಲು ಬರಬೇಕು. ವಕಾರೊಗೆ ಬಾಯಿ ಕಟ್ಟತದ. ಈ ಧಂದೆಯಾಗ ಹಂಗ ನಡೆಯೂದಿಲ್ಲ ಅಂತಾನ. ಆಕೆ ದನಿ ಏರಿಸೂದಿಲ್ಲ, ಅಳೂದಿಲ್ಲ, ಬೇಡೂದಿಲ್ಲ. ಹೇಳಿದ್ದನ್ನ ಹೇಳಿ ಸುಮ್ಮನಿರತಾಳ.

ಇದು ನಡೀವಾಗ ನನ್ನ ಸೊಸಿ, ಪಣಜಿ ಕಡೆ ಮನೆಗೆಲಸಕ್ಕೆ ಹೋಗಾಕಿ, ಕುಂತಲ್ಲೇ ಮುಂದಕ್ಕೆ ಸರಿದಿದ್ದಳು. ಸಿನಿಮಾ ಮುಗಿದ ಮೇಲೆ ಹೆಣ್ಣುಮಕ್ಕಳ ಕಡೆಯಿಂದ ಬಂದ ಮಾತು ಆಕೆಯದೊಂದೇ: “ಆ ಅವ್ವ ಸುಮ್ಮನಿದ್ದದ್ದು ನೋಡ್ರಿ. ನಾವು ಪಗಾರ ಹೆಚ್ಚ ಮಾಡ್ರಿ ಅಂತ ಕೇಳಿ, ಅವರು ಮಾರಿ ಸಣ್ಣ ಮಾಡಿದ ಕೂಡ್ಲೆ, ಇರ್ಲಿ ಬಿಡ್ರಿ ಬಾಯಾರ ಅಂತ ನಾವೇ ಅಂದುಬಿಡ್ತೀವಿ.” ಅಂದು ನೂರಾರು ಮಾತು ಆದವು, ನನಗೆ ಇದಕ್ಕಿಂತ ಒಳ್ಳೇ ವಿಮರ್ಶೆ ಸಿಗಲಿಲ್ಲ.

ಈ ಪಾಲಿನ ಬೆಲೆ ಎಷ್ಟು ಅಂತ ಲೆಕ್ಕ ತಿಳಿಯಬೇಕು. ಪತ್ರಿಕೆಗಳಾಗ ಬಂದ ಪ್ರಕಾರ ಒಪ್ಪಂದ ವರ್ಷಕ್ಕೆ 5 ಲಕ್ಷ ಡಾಲರ್, ಐದು ವರ್ಷಕ್ಕೆ. ಆಗ ಡಾಲರಿಗೆ 11 ರೂಪಾಯಿ ಚಿಲ್ಲರೆ, ಅಂದರೆ ವರ್ಷಕ್ಕೆ 55 ಲಕ್ಷದ ಮೇಲೆ. ಸಣ್ಣದಲ್ಲ. ಆದರೆ ಬೂಟು ಬಜಾರಕ್ಕೆ ಬಂದ 1985ರಿಂದ ಒಂದು ವರ್ಷದಾಗ ಮಾರಿದ್ದು 10 ಕೋಟಿ ಡಾಲರಿಗೂ ಹೆಚ್ಚು. ಆಟದ ಸಂಸ್ಥೆಯವರು ಬೂಟಿನ ಬಣ್ಣ ನಿಯಮಕ್ಕೆ ಹೊಂದೂದಿಲ್ಲ ಅಂತ ಕಾಗದ ಬರೆದರೆ, ನೈಕಿಯವರು ಆ ತಡೆಯನ್ನೇ ಜಾಹೀರಾತು ಮಾಡಿ ಮಾರಿದರು. ಇವತ್ತು ಜೋರ್ಡನ್ ಹೆಸರಿನ ಮಾಲು ವರ್ಷಕ್ಕೆ 500 ಕೋಟಿ ಡಾಲರ್ ದಾಟತದ. ಒಮ್ಮೆಲೇ ಕೊಟ್ಟ ರೊಕ್ಕದ ಮೇಲೆ ಅವನು ಸಹಿ ಹಾಕಿ ಮನೆಗೆ ಬಂದಿದ್ದರೆ ಇದರಾಗ ಒಂದು ಪೈಸೆ ಅವನದಲ್ಲ.

ಅದೇ ಕಂಪನಿಯ ಇನ್ನೊಂದು ಕತೆ ಮಾಸ್ತರರು ಹೇಳಿದರು, ಅದು ಈ ಸಿನಿಮಾಕ್ಕಿಂತ ನನ್ನನ್ನ ಹೆಚ್ಚು ಕಾಡಿತು. ಬೂಟಿನ ಮೇಲೆ ಕುಡುಗೋಲಿನಂಥ ಒಂದು ಗುರುತು ಇರತದಲ್ಲ, ಅದನ್ನ 1971ರಲ್ಲಿ ಬರೆದಾಕಿ ಕ್ಯಾರೊಲಿನ್ ಡೇವಿಡ್ಸನ್ ಎಂಬ ವಿದ್ಯಾರ್ಥಿನಿ. ಆಕೆಗೆ ಕೊಟ್ಟದ್ದು 35 ಡಾಲರ್. ಹನ್ನೆರಡು ವರ್ಷ ಬಿಟ್ಟು ಕಂಪನಿಯವರೇ ಕರೆದು ಉಂಗುರ, ಒಂದಿಷ್ಟು ಶೇರು ಕೊಟ್ಟರು. ಕೊಟ್ಟದ್ದು ದೊಡ್ಡತನ, ಇಲ್ಲ ಅನ್ನೂದಿಲ್ಲ. ಆದರೆ ಆಕೆಗೆ ಬಂದದ್ದು ಬಕ್ಷೀಸು, ಜೋರ್ಡನ್‌ಗೆ ಬರೋದು ಹಕ್ಕು.

ನಮ್ಮ ಕಡೆ ಪೈಲ್ವಾನರಿಗೂ ಬಕ್ಷೀಸೇ. ಕುಸ್ತಿ ಹೊಡೆದರೆ ಬೆಳ್ಳಿ ಕಡಗ, ಪಟಗ, ಊರ ಗೌಡರ ಕೈಯಿಂದ ಒಂದು ನೋಟು. ಗೋವಾದಾಗ ಫುಟ್‌ಬಾಲ್ ಕ್ಲಬ್ಬುಗಳು ಡೆಂಪೊ, ಸಾಳಗಾಂವಕರ್ ಅಂತ ಗಣಿ ಧಣಿಗಳ ಹೆಸರಿನಾಗೇ ಬೆಳೆದವು. ಈಗ ಕಾಲ ಬೇರೆ ಅಂತ ಹುಡುಗರು ವಾದ ಮಾಡಿದರು. 2017ರಲ್ಲಿ ಪೂಮಾ ಕಂಪನಿ ವಿರಾಟ್ ಕೊಹ್ಲಿಗೆ ಎಂಟು ವರ್ಷಕ್ಕೆ ಸುಮಾರು 110 ಕೋಟಿ ಒಪ್ಪಿತು ಅಂತ ಸುದ್ದಿ ಬಂದಿತ್ತಲ್ಲ ಅಂದರು. ಇರಬಹುದು. ತುತ್ತತುದಿಗೆ ಹೋದಾವನ ಮಾತು ಅದು.

ಹಾಡಿನ ಲೋಕದಾಗ ಈ ಜಗಳ ಎಬ್ಬಿಸಿದಾಕಿ ಲತಾ ಮಂಗೇಶ್ಕರ್. ಅವರ ತಂದೆಯ ಊರು ಮಂಗೇಶಿ, ನಮ್ಮ ಚಿಂಬಲ್‌ನಿಂದ ಬಹಳ ದೂರಿಲ್ಲ, ಫೋಂಡಾ ದಾರಿಯಾಗ. 1960ರ ದಶಕದಾಗ ಆಕೆ, ತಟ್ಟೆ ಮಾರಿದಂಗೆಲ್ಲ ಹಾಡಿದವರಿಗೂ ಪಾಲು ಬರಬೇಕು ಅಂದರು. ಮೊಹಮ್ಮದ್ ರಫಿ ಸಾಹೇಬರು, ಹಾಡಿದ್ದಕ್ಕೆ ರೊಕ್ಕ ತಗೊಂಡ್ವಿ, ಅಲ್ಲಿಗೆ ಮುಗೀತು ಅಂದರು. ಕೆಲವು ವರ್ಷ ಇಬ್ಬರೂ ಕೂಡಿ ಹಾಡಲೇ ಇಲ್ಲ. ರಫಿಯವರದು ಸಾಧು ಮನಸ್ಸು, ನಾನು ಅವರ ದನಿಯ ಭಕ್ತ. ಲೆಕ್ಕದಾಗ ಮಾತ್ರ ಲತಾ ಬಾಯಿಯೇ ಸರಿ. ಬರೆದವರಿಗೆ, ಹಾಡಿದವರಿಗೆ ಪಾಲು ಉಂಟು ಅಂತ ನಮ್ಮ ದೇಶದ ಕಾನೂನಿಗೆ ತಿದ್ದುಪಡಿ ಬಂದದ್ದು 2012ರಲ್ಲಿ.

ನನಗೆ ಅದು ಬಹಳ ತಡ ಆತು. 1989ರಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ನಮ್ಮ ಮೇಳವನ್ನ ಹುಬ್ಬಳ್ಳಿಗೆ ಕರಕೊಂಡು ಹೋದರು. ಮೂರು ಮಂದಿ, ಎರಡು ದಿನ, ಎಂಟು ಪದ. ಊಟ, ಬಸ್ ಚಾರ್ಜು ಅವರದು. ಕಡೀಕೆ 900 ರೂಪಾಯಿ ಮೂವರ ನಡುವೆ, ಹತ್ತು ಕ್ಯಾಸೆಟ್ ಪುಕ್ಕಟ. ಇಂಗ್ಲಿಷ್ ಕಾಗದದ ಮೇಲೆ ಸಹಿ ಹಾಕಿದೆವು, ತುಂತುಣಿಯವ ಹೆಬ್ಬಟ್ಟು ಒತ್ತಿದ. ಯಾರೂ ಮೋಸ ಮಾಡಿದರು ಅಂತ ಆಗ ಅನಿಸಲಿಲ್ಲ. ಖುಷಿಯಾಗೇ ಬಂದಿವಿ. ನಾಲ್ಕೈದು ವರ್ಷದ ಮೇಲೆ ಗೋವಾಕ್ಕೆ ಬರುವಾಗ ಅನಮೋಡ ಘಾಟಿನಾಗ ಲಾರಿ ಕೈ ಮಾಡಿ ಹತ್ತಿದೆ. ಡ್ರೈವರ್ ಟೇಪು ಹಚ್ಚಿದ. ನನ್ನ ದನಿ! ನಾನೇ ಅಂದರೆ ಅವ ನಂಬಲಿಲ್ಲ. ಜೊತೆಗೆ ಎರಡು ನುಡಿ ಹಾಡಿ ತೋರಿಸಿದೆ. ಆಗ ಗಾಡಿ ನಿಲ್ಲಿಸಿ ಚಾ ಕುಡಿಸಿದ. ಆ ಕ್ಯಾಸೆಟ್ಟಿನಿಂದ 900ರ ಮೇಲೆ ನನಗೆ ಬಂದದ್ದು ಆ ಒಂದು ಕಪ್ ಚಾ.

ಈ ಸಿನಿಮಾ ದೊಡ್ಡದಾಗೋದು ಆ ಫೋನಿನಿಂದಲೇ ಅಂತ ನಾನು ಹೇಳೋದು ಅದಕ್ಕೆ. ಕಂಪನಿ ಗೆದ್ದಿತು, ಕಂಪನಿ ಬೆಳೀತು ಅನ್ನೋ ಹೊಗಳಿಕೆ ಇದರ ಮುಕ್ಕಾಲು ಪಾಲು. ಬರಿಗಾಲಿನಾಗ ಕುಂತು ಬುದ್ಧನ ಮಾತು ಹೇಳೋ ಮಾಲಕ ಫಿಲ್ ನೈಟ್ ಕಡೀಕೆ ಹೂಂ ಅನ್ನತಾನ, ಅವನೂ ದೊಡ್ಡವನಾಗತಾನ. ತಾಯಿ ಕೇಳಿದ್ದು, ಮಾಲಕ ಕೊಟ್ಟದ್ದು, ಇವೆರಡನ್ನೂ ಒಂದೇ ತಕ್ಕಡಿಯಾಗ ಇಟ್ಟು ತೂಗ್ಯಾರ. ಅಲ್ಲಿ ಸಿನಿಮಾ ಜಾರೇತಿ. ಆದರೂ ಒಬ್ಬ ತಾಯಿ ಲೆಕ್ಕ ಕೇಳೋದನ್ನ ಹಾಡಿಲ್ಲದೆ, ಕಣ್ಣೀರಿಲ್ಲದೆ, ಅಷ್ಟು ಹೊತ್ತು ಪರದೆ ಮೇಲೆ ನಿಲ್ಲಿಸಿದ್ದನ್ನ ನಾನು ಬೇರೆ ಎಲ್ಲೂ ನೋಡಿಲ್ಲ. ಖರೇ ಕತೆಯಾಗೂ ಆಕೆ ಹಟ ಮಾಡಿ ಮಗನನ್ನ ವಿಮಾನ ಹತ್ತಿಸಿ, ನೈಕಿಯವರು ಏನಂತಾರ ಕೇಳಿಯಾದರೂ ಬಾ ಅಂದಿದ್ದಳಂತೆ, ಮಗನೇ 2020ರ ಒಂದು ಸಾಕ್ಷ್ಯಚಿತ್ರದಾಗ ಹೇಳ್ಯಾನ. ಪಾಲಿನ ಕರಾರು ಮಾಡೋದರಾಗ ಫಾಕ್ ಮತ್ತು ವಕೀಲರ ಕೈಯೂ ಇದ್ದಿರಬೇಕು. ಆದರೂ ತಾಯಿಯ ಬಾಯಿಗೆ ಕೊಟ್ಟದ್ದು ತಪ್ಪಲ್ಲ ಅಂತೀನಿ.

ನನ್ನ ಮೊಮ್ಮಗ ಮ್ಹಾಪ್ಸಾದ ಶುಕ್ರವಾರ ಪ್ಯಾಟಿಯಾಗ 600 ರೂಪಾಯಿಗೆ ತಂದ ಬೂಟಿನ ಮೇಲೆ ಹಾರೋ ಮನುಷ್ಯನ ಚಿತ್ರ ಐತಿ. “ಇದರಾಗೂ ಅವನಿಗೆ ಪಾಲು ಹೋಗತದೇನಜ್ಜ?” ಅಂದ. ಡುಪ್ಲಿಕೇಟಿನಾಗ ಯಾರಿಗೂ ಪಾಲಿಲ್ಲಪ ಅಂದೆ. ನಮ್ಮ ಕ್ಯಾಸೆಟ್ಟಿನ ಡುಪ್ಲಿಕೇಟ್ ಗದಗ ಬಸ್‌ಸ್ಟ್ಯಾಂಡಿನಾಗ ಹತ್ತು ರೂಪಾಯಿಗೆ ಸಿಗತಿತ್ತು.

ಸಿನಿಮಾ ನೋಡಿದ ಹದಿನೈದು ದಿನಕ್ಕೆ ಊರ ಕಡೆಯಿಂದ ಒಬ್ಬ ಹುಡುಗ ಬಂದ. ಮೊಬೈಲಿನಾಗ ಜಾನಪದ ಹಾಡು ಹಾಕೋ ಚಾನೆಲ್ ನಡೆಸತಾನ, ಒಳ್ಳೇ ಹುಡುಗ. ಇಪ್ಪತ್ತು ಪದ ಹಾಡಿಕೊಡ್ರಿ ಅಜ್ಜಾರ, 5,000 ಕೊಡ್ತೀನಿ ಅಂದ. ಜೊತೆಗೆ ಒಂದು ಕಾಗದ. ನಾನು ಪೆನ್ನು ತಗೊಂಡಿದ್ದೆ. ಸೊಸಿ ಒಳಗಿನಿಂದ ಬಂದು, “ಮಾವಾರ, ಮಾಸ್ತರರಿಗೆ ಓದಸ್ರಿ ಮೊದ್ಲ” ಅಂದಳು. ಓದಿದರೆ, ಎಲ್ಲಾ ಹಕ್ಕು ಎಂದೆಂದಿಗೂ ಅವರವು ಅಂತ ಬರೆದಿತ್ತು. ಪದಕ್ಕೆ ಎಷ್ಟು ರೊಕ್ಕ ಬರತದೋ ಅದರಾಗ ಪಾಲು ಹಾಕಪಾ ಅಂದೆ. ಅಂದು ಸುಮ್ಮನೆ ಕುಂತೆ. ಭಾಳ ಕಷ್ಟದ ಕೆಲಸ ಅದು, ಮಾತಾಡೋದು ನನ್ನ ಕಸಬು. ಹುಡುಗ ಮಾರಿ ಸಣ್ಣ ಮಾಡಿದ, ಚಾ ಕುಡಿದ, ನಮ್ಮ ಮಾಲಕರನ್ನ ಕೇಳಿ ಹೇಳತೀನಿ ಅಂತ ಎದ್ದ.

ಆ ಇಪ್ಪತ್ತರಾಗ ಒಂಬತ್ತು ಪದ ನನ್ನವಲ್ಲ, ಗುರುಗಳವು. ಪಾಲು ಬಂದರೆ ಅವರ ಮೊಮ್ಮಗನಿಗೆ ಎಷ್ಟು ಕೊಡಬೇಕು ಅಂತ ಸೊಸಿ ಆಗಲೇ ಲೆಕ್ಕ ಹಾಕ್ಯಾಳ. ಕಾಗದ ವಾಚನಾಲಯದ ಕಪಾಟಿನಾಗ ಐತಿ. ಹುಡುಗನ ಫೋನು ಇನ್ನೂ ಬಂದಿಲ್ಲ.